ನಕ್ಕರೆ ಕಾಲು ಸೋಲುವವರು

ಬಿದ್ದು ಬಿದ್ದು ನಗುವುದು ಎಂಬುದು ನಮ್ಮಲ್ಲಿ ಬರೀ ಮಾತಿನ ವರಸೆ. ಆದರೆ ನಕ್ಕೊಡನೆ ನಿಜವಾಗಿಯೂ ನೆಲಕ್ಕೆ ಬೀಳುವವರಿದ್ದಾರೆ. ಮೊದಲು ಮುಖ ಜೋಲುತ್ತದೆ, ಕತ್ತು ವಾಲುತ್ತದೆ, ಮಂಡಿ ಕುಸಿಯುತ್ತದೆ. ಎಚ್ಚರ ಮಾತ್ರ ತಪ್ಪುವುದಿಲ್ಲ. ಸುತ್ತಲಿನವರ ಮಾತೆಲ್ಲ ಕೇಳಿಸುತ್ತಿರುತ್ತದೆ. ಒಂದೆರಡು ನಿಮಿಷದೊಳಗೆ ಶಕ್ತಿ ಮರಳುತ್ತದೆ. ಇದರ ಹೆಸರು ಕ್ಯಾಟಪ್ಲೆಕ್ಸಿ. ಹಗಲಿನಲ್ಲೂ ತಡೆಯಲಾಗದ ನಿದ್ದೆ ತರುವ ನಾರ್ಕೊಲೆಪ್ಸಿ ಕಾಯಿಲೆಯ ಒಂದು ಲಕ್ಷಣವಿದು.

1877ರಲ್ಲಿ ಜರ್ಮನಿಯ ವೈದ್ಯ ಕಾರ್ಲ್ ವೆಸ್ಟ್‌ಫಾಲ್ ಇಂಥ ರೋಗವನ್ನು ವಿವರಿಸಿದರು. 1880ರಲ್ಲಿ ಫ್ರಾನ್ಸಿನ ವೈದ್ಯ ಜೆಲಿನೊ ಅದಕ್ಕೆ ನಾರ್ಕೊಲೆಪ್ಸಿ ಎಂದು ಹೆಸರಿಟ್ಟರು. ಅವರ ರೋಗಿ 38 ವರ್ಷದ, ಮದ್ಯದ ಪೀಪಾಯಿಗಳ ವ್ಯಾಪಾರಿ. ಜೋರಾಗಿ ನಕ್ಕರೆ, ಒಳ್ಳೆಯ ವ್ಯಾಪಾರ ಕುದುರುವಂತಿದ್ದರೆ ಅವನ ಕಾಲು ಸೋಲುತ್ತಿತ್ತು. ಇಸ್ಪೀಟಿನಲ್ಲಿ ಒಳ್ಳೆಯ ಎಲೆ ಬಂದರೆ ಕೈಯೇ ಆಡುತ್ತಿರಲಿಲ್ಲ.

ಸಂತೋಷಕ್ಕೂ ಸ್ನಾಯುವಿಗೂ ಏನು ನಂಟು? ಬಹುಕಾಲ ಉತ್ತರ ಸಿಗಲಿಲ್ಲ. ಇದು ಮನಸ್ಸಿನ ಕಾಯಿಲೆ ಎಂದವರೂ ಇದ್ದರು.

ದಾರಿ ತೋರಿದ್ದು ನಾಯಿಗಳು. 1970ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಡಿಮೆಂಟ್ ಅವರ ತಂಡ ಈ ಕಾಯಿಲೆಯ ನಾಯಿಗಳನ್ನು ಸಾಕತೊಡಗಿತು. ಇಷ್ಟದ ತಿನಿಸು ಕಂಡರೆ ಸಾಕು, ಡೋಬರ್‌ಮನ್ ನಾಯಿಗಳು ಕುಸಿಯುತ್ತಿದ್ದವು. 1999ರಲ್ಲಿ ಅಲ್ಲಿಯ ಎಮ್ಯಾನುಯೆಲ್ ಮಿನ್ಯೊ ಅವರ ತಂಡ ಕಾರಣವಾದ ವಂಶವಾಹಿಯನ್ನು ಪತ್ತೆಹಚ್ಚಿತು. ಹಿಂದಿನ ವರ್ಷವಷ್ಟೇ ಬೆಳಕಿಗೆ ಬಂದಿದ್ದ ಹೈಪೊಕ್ರೆಟಿನ್ ಎಂಬ ಮಿದುಳಿನ ರಾಸಾಯನಿಕವನ್ನು ಗ್ರಹಿಸುವ ಶಕ್ತಿ ಆ ನಾಯಿಗಳಿಗಿರಲಿಲ್ಲ. ಮನುಷ್ಯರಲ್ಲಾದರೋ, ಅದನ್ನು ತಯಾರಿಸುವ ಜೀವಕೋಶಗಳೇ ಬಹುಪಾಲು ನಾಶವಾಗಿರುತ್ತವೆಂದು 2000ದಲ್ಲಿ ತಿಳಿಯಿತು. ದೇಹದ ರಕ್ಷಣಾ ವ್ಯವಸ್ಥೆಯೇ ಅವನ್ನು ಕೊಲ್ಲುತ್ತದೆಂಬುದು ಇಂದಿನ ಬಲವಾದ ಅನುಮಾನ.

ಕನಸು ಕಾಣುವಾಗ ಮಿದುಳು ನಮ್ಮ ಕೈಕಾಲುಗಳನ್ನು ಸಡಿಲಗೊಳಿಸುತ್ತದೆ. ಇಲ್ಲದಿದ್ದರೆ ಕನಸಿನಲ್ಲಿ ಓಡುವವನು ಹಾಸಿಗೆಯಿಂದಲೇ ಎದ್ದು ಓಡುತ್ತಿದ್ದ! ಎಚ್ಚರದಲ್ಲಿ ಈ ಏರ್ಪಾಡು ಚಾಲೂ ಆಗದಂತೆ ಹೈಪೊಕ್ರೆಟಿನ್ ಕಾವಲಿರುತ್ತದೆ. ನಗು, ಅಚ್ಚರಿ, ಕೆಲವೊಮ್ಮೆ ಸಿಟ್ಟು ಉಕ್ಕಿದಾಗ ಮಿದುಳಿನ ಭಾವನೆಯ ನೆಲೆಗಳು ಅದೇ ಏರ್ಪಾಡನ್ನು ತಟ್ಟುತ್ತವೆ. ಆರೋಗ್ಯವಂತರಿಗೂ ಜೋರಾಗಿ ನಕ್ಕಾಗ ಮೈ ಕೊಂಚ ಸಡಿಲವಾಗುವುದುಂಟು. ಕಾವಲಿಲ್ಲದವರಲ್ಲಿ ಮನಸ್ಸು ಎಚ್ಚರವಿರುವಾಗಲೇ ಮೈ ನಿದ್ದೆಗೆ ಜಾರುತ್ತದೆ.

ಸತ್ತ ಕೋಶಗಳನ್ನು ಮರಳಿಸುವ ಮದ್ದಿಲ್ಲ. ಬೀಳುವುದನ್ನು ತಗ್ಗಿಸುವ ಔಷಧಗಳಿವೆ. ಬೀಳುವ ಭಯಕ್ಕೆ ನಗುವುದನ್ನೇ ಬಿಟ್ಟವರಿದ್ದಾರೆ. ಹಾಸ್ಯದ ಮಾತು ಬಂದರೆ ಮುಖ ತಿರುಗಿಸುತ್ತಾರೆ, ಮದುವೆಮನೆಗೆ ಹೋಗಲು ಅಂಜುತ್ತಾರೆ. ಇದು ನಾಟಕವಲ್ಲ, ಮನಸ್ಸಿನ ದೌರ್ಬಲ್ಯವೂ ಅಲ್ಲ ಎಂದು ಸುತ್ತಲಿನವರು ಅರಿತರೆ ಅವರ ಅರ್ಧ ಭಾರ ಇಳಿದಂತೆ.