ಬೋರ್ಡು ಒರೆಸಿದ ಮೇಲೆ: ಬೂಸಾ ಪ್ರಕರಣ ಮತ್ತು ಮೇಷ್ಟ್ರುಗಳ ಹೊಣೆ

ನಾನು ಪಾಠ ಮಾಡುತ್ತಿದ್ದ ಒಂದು ಕಾಲೇಜು. ಬೆಳಿಗ್ಗೆ ತರಗತಿಗೆ ಹೋದರೆ ಬೋರ್ಡಿನ ಮೇಲೆ ಒಬ್ಬ ಹುಡುಗನ ರಿಜಿಸ್ಟರ್ ನಂಬರು, ಅದರ ಮುಂದೆ ಅವನ ಜಾತಿ, ಕೆಳಗೆ ‘ಸರ್ಕಾರಿ ಅಳಿಯ’ ಅಂತ ಬರೆದಿದ್ದರು. ವಿದ್ಯಾರ್ಥಿವೇತನದ ಪಟ್ಟಿ ಹಚ್ಚಿದ್ದು ಹಿಂದಿನ ದಿನ. ನಾನು ಡಸ್ಟರ್ ತಗೊಂಡು ಒರೆಸಿದೆ, ಹಾಜರಿ ಕೂಗಿದೆ. ಆ ನಂಬರಿಗೆ ಉತ್ತರ ಬರಲಿಲ್ಲ. ಹುಡುಗ ಅಲ್ಲೇ ಕೂತಿದ್ದ. ಗಲಾಟೆಯಾಗದಂತೆ ನೋಡಿಕೊಂಡೆ ಅಂತ ಸ್ಟಾಫ್ ರೂಮಿನಲ್ಲಿ ಹೇಳಿಕೊಂಡೆ ಕೂಡ. ವಾರ ಕಳೆಯುವುದರೊಳಗೆ ಅವನು ಹಾಸ್ಟೆಲ್ ಬಿಟ್ಟು ಊರಿಗೆ ಹೋದ.

ದಲಿತ ವಿಮರ್ಶೆಯ ಸಂಚಿಕೆಗೆ ಈ ಪುರಾಣ ಯಾಕೆ ಎಂದು ಕೇಳಬಹುದು. ಕನ್ನಡದಲ್ಲಿ ದಲಿತ ವಿಮರ್ಶೆ ಹುಟ್ಟಿದ ಕಥೆಯೊಳಗೇ ಕಾಲೇಜು ಅಂಗಳದ ದ್ವೇಷದ ಕಥೆಯೂ ಇದೆ. ಎರಡನ್ನೂ ಒಟ್ಟಿಗೇ ಓದಬೇಕು.

1973ರ ನವೆಂಬರ್. ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದರು. ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಹೊರಟಿದ್ದ ಮನುಷ್ಯ ಅವರು. ದನಕ್ಕೆ ಹಾಕುವ ಬೂಸಾ ಎಂಬ ಮಾತು ಒರಟಾಗಿತ್ತು, ನಿಜ. ಆದರೂ ಅದು ಒಂದು ಸಾಹಿತ್ಯದ ಮೇಲೆ ಓದುಗನೊಬ್ಬ ಕೊಟ್ಟ ತೀರ್ಪು. ಒಪ್ಪದವರು ವಾದಿಸಬಹುದಿತ್ತು, ಪುಸ್ತಕ ತೆಗೆದು ತೋರಿಸಬಹುದಿತ್ತು. ಆದದ್ದೇನು? ಮೈಸೂರು, ಬೆಂಗಳೂರುಗಳಲ್ಲಿ ವಿದ್ಯಾರ್ಥಿಗಳು ಬೀದಿಗೆ ಬಂದರು, ಸಚಿವರ ಮೇಲಿನ ಸಿಟ್ಟು ದಲಿತ ಹುಡುಗರ ಮೇಲೆ, ಅವರ ಹಾಸ್ಟೆಲುಗಳ ಮೇಲೆ ತಿರುಗಿತು. ಬಸವಲಿಂಗಪ್ಪ ಡಿಸೆಂಬರ್‌ನಲ್ಲಿ ರಾಜೀನಾಮೆ ಕೊಡಬೇಕಾಯಿತು. ಮಾತಾಡಿದವನು ಒಬ್ಬ, ಪೆಟ್ಟು ತಿಂದವರು ಅವನ ಜಾತಿಯ ಮಕ್ಕಳು.

ಇಲ್ಲಿ ಅಧ್ಯಾಪಕ ವರ್ಗ ಗುರುತಿಸಬೇಕಾದ ವ್ಯತ್ಯಾಸವೊಂದಿದೆ. ‘ನಿಮ್ಮ ಸಾಹಿತ್ಯ ಬೂಸಾ’ ಅಂದರೆ ವಿಮರ್ಶೆ. ‘ನೀನು ಇಂಥ ಜಾತಿಯವನು, ನಿನಗೇಕೆ ಈ ಬೆಂಚು’ ಅಂದರೆ ದ್ವೇಷ. ಮೊದಲನೆಯದು ಕೃತಿಯನ್ನು ಪ್ರಶ್ನಿಸುತ್ತದೆ, ಎರಡನೆಯದು ಮನುಷ್ಯನ ಹಾಜರಿಯನ್ನೇ ಹೊಡೆದು ಹಾಕುತ್ತದೆ. ಎರಡನ್ನೂ ‘ಪ್ರಚೋದನಕಾರಿ ಮಾತು’ ಎಂಬ ಒಂದೇ ಚೀಲಕ್ಕೆ ತುಂಬಿ, ‘ಎಲ್ಲರೂ ಸುಮ್ಮನಿರಿ’ ಎಂದರೆ ಲಾಭ ಯಾರಿಗೆ? ಕಲ್ಲು ಕೈಲಿದ್ದವನಿಗೆ. ಅಂಥ ತಟಸ್ಥತೆಗೆ ನಮ್ಮ ವಿದ್ಯಾಸಂಸ್ಥೆಗಳಲ್ಲಿ ಬಹಳ ಮರ್ಯಾದೆ.

ಆ ದಿನಗಳಲ್ಲಿ ತಟಸ್ಥರಾಗದ ಮೇಷ್ಟ್ರುಗಳೂ ಇದ್ದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಪ್ರಾಧ್ಯಾಪಕರಾಗಿ, ಕುಲಪತಿಯಾಗಿ ನಿವೃತ್ತರಾಗಿದ್ದ ಕುವೆಂಪು ಬಸವಲಿಂಗಪ್ಪನವರ ಪರ ನಿಂತರು. ಯಾವ ಸಾಹಿತ್ಯಕ್ಕೆ ಅವಮಾನವಾಯಿತೆಂದು ಕೂಗಾಡುತ್ತಿದ್ದರೋ ಆ ಸಾಹಿತ್ಯದ ಹಿರಿಯನೇ ಹೀಗೆ ನಿಂತದ್ದು ಸಣ್ಣ ಸಂಗತಿಯಲ್ಲ.

ಇನ್ನೊಬ್ಬರು ನಮ್ಮ ಜಿಲ್ಲೆಯಲ್ಲೇ ಪಾಠ ಮಾಡುತ್ತಿದ್ದರು. ನಾನಿದನ್ನು ಬರೆಯುತ್ತಿರುವುದು ಶಿವಮೊಗ್ಗದ ವಿದ್ಯಾನಗರದಲ್ಲಿ, ಸಹ್ಯಾದ್ರಿ ಕಾಲೇಜಿನ ನೆರೆಯಲ್ಲಿ. ಇಲ್ಲಿಂದ ಬಿ.ಎಚ್. ರಸ್ತೆ ಹಿಡಿದರೆ 20 ಕಿಲೋಮೀಟರಿನೊಳಗೆ ಭದ್ರಾವತಿ. ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆಗಳ ಆ ಊರಿನ ಸರ್ ಎಂ.ವಿ. ಕಾಲೇಜಿನಲ್ಲಿ ಹರಿಹರದ ಬಿ. ಕೃಷ್ಣಪ್ಪ ಕನ್ನಡ ಅಧ್ಯಾಪಕರು. ಬೂಸಾ ಗಲಭೆಯ ಬೆನ್ನಿಗೇ ಅವರೂ ಗೆಳೆಯರೂ ಕೂಡಿ ಕಟ್ಟಿದ್ದು ದಲಿತ ಸಂಘರ್ಷ ಸಮಿತಿ. ದಸಂಸದ ನೋಂದಣಿ ಸಂಖ್ಯೆ 47/74-75 ಎಂಬುದನ್ನು ಕರಪತ್ರಗಳ ನೆತ್ತಿಯ ಮೇಲೆ ನೋಡದ ಕಾರ್ಯಕರ್ತನಿಲ್ಲ. 1976ರಲ್ಲಿ ಅದೇ ಭದ್ರಾವತಿಯಲ್ಲಿ ದಲಿತ ಲೇಖಕ ಕಲಾವಿದರು ಸೇರಿದರು. ಯಾರ ಬದುಕು ಕನ್ನಡ ಸಾಹಿತ್ಯದೊಳಗೆ ಬಂದಿಲ್ಲ, ಯಾಕೆ ಬಂದಿಲ್ಲ ಎಂಬ ಬೂಸಾದ ಪ್ರಶ್ನೆಯನ್ನು ಬೀದಿಯಿಂದ ಎತ್ತಿ ವಿಚಾರದ ಮೇಜಿನ ಮೇಲಿಟ್ಟರು. ದೇವನೂರ ಮಹಾದೇವರ ‘ದ್ಯಾವನೂರು’ 1973ರಲ್ಲೇ ಬಂದಿತ್ತು. ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂತು. ಕಲ್ಲಿಗೆ ಸಿಕ್ಕ ಉತ್ತರ ಈ ರೀತಿಯದು.

ಕೃಷ್ಣಪ್ಪ 1997ರಲ್ಲಿ ತೀರಿಕೊಂಡರು. ನಾವು ಅವರನ್ನು ಚಳವಳಿಯ ನಾಯಕ ಅಂತ ನೆನೆಯುತ್ತೇವೆ, ಸರಿ. ಸಂಬಳ ತರುವ ಮೇಷ್ಟ್ರಾಗಿದ್ದುಕೊಂಡೇ ಅದನ್ನು ಮಾಡಿದರು ಎಂಬುದನ್ನು ಮಾತ್ರ ಮರೆತುಬಿಡುತ್ತೇವೆ. ಮರೆತರೆ ನಮಗೆ ಅನುಕೂಲ, ಅಲ್ಲವೇ?

ಸ್ಟಾಫ್ ರೂಮನ್ನು ಬಿಟ್ಟು ಈ ಮಾತು ಮುಗಿಯುವುದಿಲ್ಲ. 1918ರಲ್ಲಿ ಮುಂಬಯಿಯ ಸಿಡೆನ್‌ಹ್ಯಾಂ ಕಾಲೇಜಿಗೆ ಪ್ರಾಧ್ಯಾಪಕರಾಗಿ ಸೇರಿದ ಅಂಬೇಡ್ಕರ್ ನೀರಿನ ಹೂಜಿ ಮುಟ್ಟುವುದಕ್ಕೆ ಸಹೋದ್ಯೋಗಿಗಳೇ ತಕರಾರು ತೆಗೆದರು. ಹುಡುಗರು ಬೋರ್ಡಿನ ಮೇಲೆ ಬರೆಯುವುದನ್ನು ಅಧ್ಯಾಪಕರು ಕಾಫಿ ಕುಡಿಯುತ್ತಾ ನಗೆಚಾಟಿಕೆಯಾಗಿ ಆಡುವುದನ್ನು ನಾನೇ ಕೇಳಿದ್ದೇನೆ. ನಕ್ಕವರಲ್ಲಿ ನಾನೂ ಇದ್ದೆನೇನೋ.

2022ರ ಫೆಬ್ರವರಿಯಲ್ಲಿ ಹಿಜಾಬಿನ ಹೆಸರಿನಲ್ಲಿ ಶಿವಮೊಗ್ಗದ ಸರ್ಕಾರಿ ಕಾಲೇಜೊಂದರ ಧ್ವಜಸ್ತಂಭಕ್ಕೆ ಕೇಸರಿ ಬಾವುಟ ಏರಿತು, ಊರಲ್ಲಿ ನಿಷೇಧಾಜ್ಞೆ ಬಂತು. ಅದೇ ದಿನಗಳಲ್ಲಿ ಚಿಕ್ಕಮಗಳೂರಿನ ಐಡಿಎಸ್‌ಜಿ ಕಾಲೇಜಿನಲ್ಲಿ ದಲಿತ ಹುಡುಗರು ನೀಲಿ ಶಾಲು ಹೊದ್ದು, ಜೈಭೀಮ್ ಎನ್ನುತ್ತಾ ಮುಸ್ಲಿಂ ಹೆಣ್ಣುಮಕ್ಕಳ ಪರ ನಿಂತರು. 1973ರಲ್ಲಿ ಹೊಡೆಸಿಕೊಂಡವರ ಮೊಮ್ಮಕ್ಕಳ ವಯಸ್ಸಿನವರು ಅವರು. ಮೇಷ್ಟ್ರು ನಿಲ್ಲಬೇಕಾದ ಜಾಗದಲ್ಲಿ ಮಕ್ಕಳು ನಿಂತಿದ್ದರು.

ಕಾನೂನು ಇಲ್ಲವೆಂದಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆ ಜಾತಿನಿಂದನೆಯನ್ನು ಅಪರಾಧವೆಂದಿದೆ, ತಾರತಮ್ಯದ ವಿರುದ್ಧ ಯುಜಿಸಿ 2012ರಲ್ಲಿ ನಿಯಮಾವಳಿ ತಂದಿತು. 2016ರ ಜನವರಿಯಲ್ಲಿ ಹೈದರಾಬಾದಿನಲ್ಲಿ ರೋಹಿತ್ ವೇಮುಲ ಸಾಯುವಾಗ ಇವೆರಡೂ ಪುಸ್ತಕದಲ್ಲಿದ್ದವು. ಕಾನೂನಿಗೆ ಸಾಕ್ಷಿ ಬೇಕು. ತರಗತಿಯಲ್ಲಿ ಮೊದಲ ಸಾಕ್ಷಿ ಅಧ್ಯಾಪಕ, ಅವನು ಬೋರ್ಡು ಒರೆಸಿಬಿಟ್ಟರೆ ಪುರಾವೆಯೂ ಹೋಯಿತು.

ಹಾಗಾದರೆ ಮಾಡುವುದೇನು? ಒರೆಸುವ ಮುಂಚೆ ಓದಬೇಕು, ಬರೆದಿಟ್ಟುಕೊಳ್ಳಬೇಕು. ಇದು ತಪ್ಪು ಅಂತ ಅದೇ ತರಗತಿಯಲ್ಲಿ, ಅದೇ ಗಂಟೆಯಲ್ಲಿ ಹೇಳಬೇಕು. ಸಂಜೆ ಹಾಸ್ಟೆಲ್ಲಿಗೆ ಹೋಗಬೇಕು. ಹುಡುಗ ದೂರು ಕೊಡುವುದಾದರೆ ಕೆಳಗೆ ನಮ್ಮ ಸಹಿ ಇರಬೇಕು. ಬರೆದ ಹುಡುಗನನ್ನೂ ಕೂರಿಸಿಕೊಂಡು, ಸ್ಕಾಲರ್‌ಶಿಪ್ಪು ಭಿಕ್ಷೆಯಲ್ಲ, ಯಾಕಲ್ಲ ಅಂತ ಪಾಠ ಮಾಡಬೇಕು. ಅವನೂ ನಮ್ಮ ವಿದ್ಯಾರ್ಥಿಯೇ, ಅವನ ದ್ವೇಷ ನಾವು ತಿದ್ದದೆ ಬಿಟ್ಟ ಉತ್ತರ ಪತ್ರಿಕೆ.

ಇದರಲ್ಲಿ ಯಾವುದನ್ನೂ ನಾನು ಆ ದಿನ ಮಾಡಲಿಲ್ಲ. ಆ ಹುಡುಗ ಈಗ ಎಲ್ಲಿದ್ದಾನೋ. ಅವನ ನಂಬರು ಮಾತ್ರ ನನಗೆ ಇವತ್ತಿಗೂ ನೆನಪಿದೆ.