ಜಾನಪದ ಲೋಕದ ಸಂಗ್ರಹವೂ ನಾಡಿನ ಬಾಳಿನ ಚರಿತ್ರೆಯೂ

ಚರಿತ್ರೆಯೆಂದೊಡನೆ ಸಾಮಾನ್ಯವಾಗಿ ಜನರ ಮನಸ್ಸು ಶಿಲಾಶಾಸನ, ತಾಮ್ರಶಾಸನಗಳ ಕಡೆಗೆ ಹರಿಯುವುದು. ಇದು ತಪ್ಪೆನ್ನುವಂತಿಲ್ಲ. ಬಿ. ಎಲ್. ರೈಸ್ ಮಹಾಶಯರು 1886ರಿಂದ ಮೊದಲ್ಗೊಂಡು ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಸಾವಿರಾರು ಶಾಸನಗಳನ್ನು ಬೆಳಕಿಗೆ ತರದೆ ಇದ್ದಿದ್ದರೆ ಕನ್ನಡ ನಾಡಿನ ಅರಸುಮನೆತನಗಳ ಕಾಲಾನುಕ್ರಮವೇ ಸರಿಯಾಗಿ ತಿಳಿಯುತ್ತಿರಲಿಲ್ಲ. ಆದರೆ ಆ ಶಾಸನಗಳಲ್ಲಿ ಪದೇ ಪದೇ ಬರುವ ಮಾತೊಂದುಂಟು. ದೇವಾಲಯಕ್ಕೆ, ಮಠಕ್ಕೆ, ಕೆರೆಗೆ ಇಷ್ಟು ಖಂಡುಗ ಗದ್ದೆ, ಇಷ್ಟು ಕೊಳಗ ಬೆದ್ದಲು ಬಿಟ್ಟರೆಂಬುದೇ ಆ ಮಾತು. ದಾನಿಯ ಬಿರುದಾವಳಿಗಳನ್ನು ಸರಾಗವಾಗಿ ಓದಿಕೊಂಡು ಬಂದ ವಾಚಕನು ಇಲ್ಲಿಗೆ ಬಂದಾಗ ತಡವರಿಸುವನು. ಕೊಳಗವೆಂದರೆ ಎಷ್ಟು? ಅದು ನೆಲದ ಅಳತೆಯೋ ಧಾನ್ಯದ ಅಳತೆಯೋ?

ಕೊಳಗವು ಮೂಲತಃ ಧಾನ್ಯವನ್ನಳೆಯುವ ಒಂದು ಪಾತ್ರೆ. ಹಳೆಯ ಮೈಸೂರು ಸೀಮೆಯ ರೂಢಿಯಲ್ಲಿ ಸೇರುಗಳು ಕೂಡಿ ಬಳ್ಳ, 4 ಬಳ್ಳಕ್ಕೆ 1 ಕೊಳಗ, 20 ಕೊಳಗಕ್ಕೆ 1 ಖಂಡುಗವೆಂದು ಲೆಕ್ಕ. ಒಂದು ಕೊಳಗ ಬೀಜವನ್ನು ಬಿತ್ತುವುದಕ್ಕೆ ಎಷ್ಟು ನೆಲ ಬೇಕೋ ಅದು ಒಂದು ಕೊಳಗದ ಭೂಮಿ. ನೀರಾವರಿಗೆ ಒಂದು ವಿಸ್ತಾರ, ಬೆದ್ದಲಿಗೆ ಬೇರೊಂದು ವಿಸ್ತಾರ. ಸೇರೇ ಊರಿಂದೂರಿಗೆ ಹಿಗ್ಗಿ ಕುಗ್ಗುತ್ತಿದ್ದುದರಿಂದ ಕೊಳಗವೂ ಹಾಗೆಯೇ. ಧಾನ್ಯವನ್ನು ಬಾಯಿಮಟ್ಟಕ್ಕೆ ಸವರಿ ಅಳೆಯುವುದೋ, ಮೇಲೆ ಗೋಪುರದಂತೆ ರಾಶಿಯೇರಿಸಿ ಅಳೆಯುವುದೋ ಎಂಬುದರ ಮೇಲೆ ಒಕ್ಕಲಿಗನ ಮನೆಗೆ ಉಳಿಯುವ ಕಾಳಿನ ಪ್ರಮಾಣವು ನಿಂತಿತ್ತು. ಕಣದಲ್ಲಿ ಇದಕ್ಕಾಗಿ ನಡೆಯುತ್ತಿದ್ದ ಜಗಳಗಳನ್ನು ಯಾವ ಶಾಸನವೂ ಹೇಳದು.

1956ರಲ್ಲಿ ತೂಕ ಮತ್ತು ಅಳತೆಗಳ ಕಾಯಿದೆಯಾಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ಕಿಲೋಗ್ರಾಮು, ಲೀಟರುಗಳು ಸಂತೆಯ ಅಂಗಡಿಗಳವರೆಗೂ ನಡೆದುಬಂದವು. ವ್ಯಾಪಾರದ ಪ್ರಾಮಾಣಿಕತೆಗೆ ಇದರಿಂದ ಒಳ್ಳೆಯದೇ ಆಯಿತೆನ್ನಬೇಕು. ಆದರೆ ಕೊಳಗವು ಕಣದಿಂದ ಅಟ್ಟಕ್ಕೇರಿತು. ಅಟ್ಟದಿಂದ ಹಳೆಯ ಪಾತ್ರೆ ಕೊಳ್ಳುವವನ ತಕ್ಕಡಿಗೆ ಇಳಿಯಿತು. ಕಲ್ಲಿನಲ್ಲಿ ಕೊರೆದ ಪದವು ಉಳಿಯಿತು. ಆ ಪದಕ್ಕೆ ಅರ್ಥ ಕೊಟ್ಟ ಪಾತ್ರೆಯು ಕುಲುಮೆಯಲ್ಲಿ ಕರಗಿತು. ಹೀಗಿರುವಾಗ, ಅರಸರ ಶಾಸನಗಳನ್ನು ಸಂಗ್ರಹಿಸಿದಷ್ಟೇ ಶ್ರದ್ಧೆಯಿಂದ ಒಕ್ಕಲುಮನೆಯ ಸೇರು, ಮೊರ, ಕೂರಿಗೆ, ಬೀಸುವ ಕಲ್ಲುಗಳನ್ನು ಒಂದೆಡೆ ಕೂಡಿಸಿ, ಅವುಗಳೊಡನೆ ಛಾಯಾಚಿತ್ರಗಳನ್ನೂ ಹಾಡುಗಳ ಧ್ವನಿಯನ್ನೂ ಕಾಪಿಟ್ಟ ಸಂಗ್ರಹವೊಂದು ಕನ್ನಡ ನಾಡಿನಲ್ಲಿ ಇರುವುದು ಸಣ್ಣ ಸಂಗತಿಯಲ್ಲ. ಅದೇ ಬೆಂಗಳೂರು ಮೈಸೂರು ಹೆದ್ದಾರಿಯಲ್ಲಿ ರಾಮನಗರದ ಸಮೀಪದ ಜಾನಪದ ಲೋಕ.

ಇದನ್ನು ಕಟ್ಟಿದವರು ಹೆಚ್. ಎಲ್. ನಾಗೇಗೌಡರು. ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ 1915ರಲ್ಲಿ ಹುಟ್ಟಿ, ಸರಕಾರದ ಆಡಳಿತ ಸೇವೆಯಲ್ಲಿ ಜಿಲ್ಲಾಧಿಕಾರಿಯ ಪದವಿಯವರೆಗೆ ಏರಿದವರು. ಅಧಿಕಾರಿಯು ಹಳ್ಳಿಗೆ ಹೋದರೆ ಕಂದಾಯದ ಲೆಕ್ಕ ಕೇಳುವುದು ವಾಡಿಕೆ. ಇವರು ಪದ ಬಲ್ಲವರಾರೆಂದು ಕೇಳಿದರು. ಧ್ವನಿಮುದ್ರಣ ಯಂತ್ರವನ್ನು ಹಿಡಿದು ಊರೂರು ತಿರುಗಿ ಹಾಡುಗಳನ್ನು ಸಂಗ್ರಹಿಸಿದರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಸ್ಥಾಪಿತವಾಯಿತು. 1994ರಲ್ಲಿ ಸುಮಾರು 15 ಎಕರೆ ನೆಲದಲ್ಲಿ ಜಾನಪದ ಲೋಕವು ಬಾಗಿಲು ತೆರೆಯಿತು. ಮರುವರ್ಷ ಮುಧೋಳದಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾದರು. 2005ರಲ್ಲಿ ದೈವಾಧೀನರಾದರು.

ಈ ಮಹನೀಯರು ‘ಪ್ರವಾಸಿ ಕಂಡ ಇಂಡಿಯಾ’ ಎಂಬ ಹೆಸರಿನಿಂದ ಪರದೇಶದ ಯಾತ್ರಿಕರ ವೃತ್ತಾಂತಗಳನ್ನು ಹಲವು ಸಂಪುಟಗಳಲ್ಲಿ ಕನ್ನಡಕ್ಕೆ ತಂದಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ಹೊರಗಿನವನ ಕಣ್ಣಿಗೆ ಈ ದೇಶದ ನಿತ್ಯಜೀವನವು ಹೇಗೆ ಕಂಡಿತೆಂಬುದನ್ನು ವರ್ಷಗಟ್ಟಲೆ ಓದಿದವರಿಗೆ, ಒಳಗಿನವರು ತಮ್ಮ ಬಾಳಿನ ದಾಖಲೆಯನ್ನು ತಾವೇ ಇಟ್ಟುಕೊಳ್ಳಲಿಲ್ಲವೆಂಬ ಕೊರತೆಯು ಚೆನ್ನಾಗಿ ಕಂಡಿರಬೇಕು. ನಿದರ್ಶನಕ್ಕೆ ಫ್ರಾನ್ಸಿಸ್ ಬುಕಾನನ್ನನ ಗ್ರಂಥವೊಂದೇ ಸಾಕು. ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, ಎಂದರೆ 1800ರಲ್ಲಿ, ಆತನು ಮೈಸೂರು ಸೀಮೆಯ ಸಂಚಾರಕ್ಕೆ ಹೊರಟನು. 1807ರಲ್ಲಿ ಆತನ ಗ್ರಂಥವು ಲಂಡನ್ನಿನಲ್ಲಿ ಅಚ್ಚಾಯಿತು. ನೇಗಿಲು, ಕೂರಿಗೆ ಮುಂತಾದವುಗಳ ಚಿತ್ರಗಳನ್ನು ಅದರಲ್ಲಿ ಕೊರೆಯಿಸಿ ಹಾಕಿಸಿದ್ದಾನೆ. ಕಣದ ರಾಶಿಯಲ್ಲಿ ದೇವರಿಗೆಷ್ಟು, ಕಮ್ಮಾರನಿಗೆಷ್ಟು, ಅಗಸನಿಗೆಷ್ಟು ಎಂದು ಕೂಡ ಬರೆದಿಟ್ಟಿದ್ದಾನೆ. ಕಂಪನಿಯವರ ಉದ್ದೇಶವು ಹೊಸದಾಗಿ ಕೈವಶವಾದ ಸೀಮೆಯ ಹುಟ್ಟುವಳಿಯನ್ನು ತಿಳಿಯುವುದೇ ಆಗಿತ್ತೆನ್ನುವುದು ಸ್ಪಷ್ಟ. ಆದರೂ ಇನ್ನೂರು ವರ್ಷಗಳ ಹಿಂದಿನ ಕೂರಿಗೆಯ ಆಕಾರವನ್ನು ಅರಿಯಬೇಕಾದರೆ ಇಂದಿಗೂ ಆ ಪುಟಗಳನ್ನೇ ತಿರುವಬೇಕಾಗಿದೆ.

ಕೂರಿಗೆಯ ಮಾತು ಬಂದುದರಿಂದ ಅದನ್ನು ಸ್ವಲ್ಪ ವಿಸ್ತರಿಸಬಹುದು. ಅಡ್ಡಮರಕ್ಕೆ ಸಾಲಾಗಿ ತಾಳುಗಳು. ಒಂದೊಂದು ತಾಳಿಗೂ ಮೇಲಿನಿಂದ ಇಳಿದುಬರುವ ಒಂದೊಂದು ಬಿದಿರಿನ ನಳಿಗೆ. ನಳಿಗೆಗಳೆಲ್ಲ ಕೂಡುವ ಕಡೆ ಮರದ ಬಟ್ಟಲು. ಎತ್ತುಗಳು ಎಳೆಯುತ್ತ ಹೋದಂತೆ ಬಟ್ಟಲಿಗೆ ಮುಷ್ಟಿಯಿಂದ ಬೀಜವನ್ನು ಬಿಡುತ್ತ ನಡೆಯಬೇಕು. ಮುಷ್ಟಿ ಬಿಗಿಯಾದರೆ ಸಾಲು ಬರಿದು, ಸಡಿಲವಾದರೆ ಪೈರು ಒತ್ತೊತ್ತು. ಅವರೆ, ತೊಗರಿಗಳ ಅಕ್ಕಡಿಗೆಂದು ಹಿಂದೆ ಸಡ್ಡೆಯನ್ನು ಕಟ್ಟಿ ಬೇರೊಬ್ಬರು ಬಿತ್ತುತ್ತ ಬರುವರು. ಹಳ್ಳಿಯ ಬಡಗಿಯು ಇದನ್ನು ಯಾವ ನಕ್ಷೆಯನ್ನೂ ನೋಡದೆ ಕಡೆಯುತ್ತಿದ್ದನು. ಬಿತ್ತುವ ಯಂತ್ರವನ್ನು ಹಳ್ಳಿಯವರು ಹೊರಗಿನಿಂದ ಬಂದ ವಸ್ತುವೆಂದು ಬೆರಗಿನಿಂದ ನೋಡುವ ಕಾಲವೂ ನಡುವೆ ಬಂದುಹೋಯಿತು. ಅವರ ಅಜ್ಜಂದಿರ ಕೂರಿಗೆಯು ಹಿತ್ತಿಲಲ್ಲಿ ಗೆದ್ದಲು ಹತ್ತುತ್ತಿದ್ದುದು ಆಗಲೇ.

ಇನ್ನು ಛಾಯಾಚಿತ್ರಗಳ ವಿಚಾರ. ಕನ್ನಡ ನಾಡಿನಲ್ಲಿ ಈ ವಿದ್ಯೆಯು ಮೊದಲು ಮುಖಮಾಡಿದುದು ದೇವಾಲಯಗಳ ಕಡೆಗೆ. 1855ರಲ್ಲಿ ಕಂಪನಿಯವರು ಬೊಂಬಾಯಿ ಫಿರಂಗಿ ದಳದ ಥಾಮಸ್ ಬಿಗ್ಸ್ ಎಂಬ ಅಧಿಕಾರಿಯನ್ನು ಇದಕ್ಕಾಗಿಯೇ ನೇಮಿಸಿದರು. ಆತನೂ ಆತನ ಬಳಿಕ ಬಂದ ಡಾಕ್ಟರ್ ಪಿಗೂ ಎಂಬಾತನೂ ಧಾರವಾಡ, ಮೈಸೂರು ಸೀಮೆಗಳ ಗುಡಿಗಳ ಪಟಗಳನ್ನು ತೆಗೆದರು. ಅವು 1866ರಲ್ಲಿ ಲಂಡನ್ನಿನಲ್ಲಿ ಗ್ರಂಥರೂಪವಾಗಿ ಹೊರಬಿದ್ದವು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್ಲಾ ಎಂಬ ಸೈನ್ಯಾಧಿಕಾರಿಯು ಹಂಪೆಯ ಹಾಳೂರನ್ನು ಮೇಣ ಹಚ್ಚಿದ ದೊಡ್ಡ ಕಾಗದಗಳ ಮೇಲೆ ಸೆರೆಹಿಡಿದನು. ಆ ಕಾಗದಗಳು ನೂರು ವರ್ಷಕ್ಕೂ ಮೇಲ್ಪಟ್ಟು ಯಾರ ಕಣ್ಣಿಗೂ ಬೀಳದೆ ಇದ್ದು, 1980ರ ಸುಮಾರಿಗೆ ಇಂಗ್ಲೆಂಡಿನಲ್ಲಿ ದೊರೆತವು. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಎಂಬವರು ಅದೇ ಎಡೆಗಳಲ್ಲಿ ನಿಂತು ಮತ್ತೆ ಪಟ ತೆಗೆದರು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ನಡುವಿನ ಕಾಲದಲ್ಲಿ ಏನೇನು ಕುಸಿಯಿತು, ಏನೇನು ದುರಸ್ತಾಯಿತು ಎಂಬುದು ಕಣ್ಣಿಗೆ ಕಟ್ಟುವುದು.

ಗ್ರೀನ್ಲಾನ ಪಟಗಳಲ್ಲಿ ಮನುಷ್ಯರು ಕಾಣುವುದು ಅಪರೂಪ. ಇದಕ್ಕೆ ಕಾರಣ ಬರಿಯ ಅನಾದರವಲ್ಲ. ಮೇಣದ ಕಾಗದಕ್ಕೆ ಬಹಳ ಹೊತ್ತು ಬೆಳಕು ಬೇಕಾಗಿತ್ತು, ಅಲುಗಿದವನು ಅಳಿಸಿಹೋಗುತ್ತಿದ್ದನು. ಅನಂತರ ಬಂದ ಗಾಜಿನ ಫಲಕದ ವಿಧಾನದಲ್ಲಿ ಫಲಕಕ್ಕೆ ಲೇಪವನ್ನು ಹಚ್ಚಿ, ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಿ, ಹಸಿಯಾಗಿರುವಾಗಲೇ ಪಟ ತೆಗೆದು, ಒಣಗುವುದರೊಳಗಾಗಿ ತೊಳೆದು ಮುಗಿಸಬೇಕಾಗಿತ್ತು. ಕತ್ತಲೆಯ ಡೇರೆಯನ್ನು ಗಾಡಿಯಲ್ಲಿ ಹೇರಿಕೊಂಡು ತಿರುಗಬೇಕಾಗಿತ್ತು. ಆಗಲೂ ಕೆಲವು ಕ್ಷಣಗಳಾದರೂ ಉಸಿರು ಬಿಗಿಹಿಡಿದು ನಿಲ್ಲಬೇಕು. ಆದಕಾರಣ ಆ ಕಾಲದ ಪಟಗಳಲ್ಲಿ ರಾಟೆಯಿದ್ದರೆ ಅದು ತಿರುಗದ ರಾಟೆ. ಒನಕೆಯಿದ್ದರೆ ಎತ್ತಿ ನಿಲ್ಲಿಸಿದ ಒನಕೆ. ಕಾಯಕದಲ್ಲಿ ತೊಡಗಿದ ಕೈಯನ್ನು ಹಿಡಿಯುವ ಶಕ್ತಿಯು ಈ ವಿದ್ಯೆಗೆ ಒಣ ಫಲಕಗಳು ಬಳಕೆಗೆ ಬಂದ ಮೇಲೆ, 1880ರಿಂದೀಚೆಗೆ, ಪ್ರಾಪ್ತವಾಯಿತು.

ಶಕ್ತಿ ಬಂದ ಮೇಲೆಯೂ ದೃಷ್ಟಿ ಬೇಗನೆ ಬದಲಾಗಲಿಲ್ಲ. 1909ರಲ್ಲಿ ಬಂದ ಥರ್ಸ್ಟನ್ನನ ಸಂಪುಟಗಳಲ್ಲಿಯೂ, ಹೆಚ್. ವಿ. ನಂಜುಂಡಯ್ಯ ಮತ್ತು ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರ ಹೆಸರಿನಲ್ಲಿ ಮೈಸೂರು ವಿಶ್ವವಿದ್ಯಾನಿಲಯವು 1928ರಿಂದ 1935ರವರೆಗೆ ಹೊರತಂದ ಸಂಪುಟಗಳಲ್ಲಿಯೂ ಅಸಂಖ್ಯ ಕುಲಗಳ ಆಚಾರಗಳು ದಾಖಲಾಗಿವೆ, ಛಾಯಾಚಿತ್ರಗಳೂ ಇವೆ. ಈ ಪರಿಶ್ರಮವು ದೊಡ್ಡದು. ಆದರೆ ಚಿತ್ರದ ಕೆಳಗೆ ಬಹುಮಟ್ಟಿಗೆ ಕುಲದ ಹೆಸರಿರುವುದೇ ಹೊರತು ಆಳಿನ ಹೆಸರಿರುವುದಿಲ್ಲ. ಎದುರಿಗೆ ನಿಂತವಳು ಒಬ್ಬಳ ತಾಯಿ, ಒಂದು ಮನೆಯ ಯಜಮಾನಿ ಎಂಬುದನ್ನು ಬಿಟ್ಟು, ಒಂದು ಜಾತಿಯ ಮಾದರಿಯೆಂದು ಆಕೆಯನ್ನು ನಿಲ್ಲಿಸಲಾಯಿತು. ಜಾನಪದ ಲೋಕದ ಚಿತ್ರಕುಟೀರದ ಹೆಚ್ಚುಗಾರಿಕೆಯು ಈ ಭೇದದಲ್ಲಿದೆ. ಅಲ್ಲಿ ಜನಪದ ಕಲಾವಿದರನ್ನು ಕಲಾವಿದರೆಂದೇ ಗೌರವಿಸಿ ಪಟಗಳನ್ನು ತೂಗುಹಾಕಿದ್ದಾರೆ. ಕುಣಿತದಲ್ಲಿ, ವೇಷದಲ್ಲಿ, ವಾದ್ಯದ ಮೇಲೆ ಬೆರಳಾಡಿಸುವಲ್ಲಿ ಅವರು ಕಾಣಿಸುವರು.

ಸಮೀಪದಲ್ಲಿಯೇ ಉಳಿದ ವಿಭಾಗಗಳು. ಲೋಕಮಾತಾ ಮಂದಿರದಲ್ಲಿ ಅಡಿಗೆಮನೆಯ, ಉಗ್ರಾಣದ ವಸ್ತುಗಳು ಪ್ರಧಾನ. ಲೋಕಮಹಲಿನಲ್ಲಿ ತೊಗಲುಬೊಂಬೆಗಳೂ ವೇಷಭೂಷಣಗಳೂ ಇವೆ. ಶಿಲ್ಪಮಾಳದಲ್ಲಿ ವೀರಗಲ್ಲುಗಳು. ಆಯಗಾರರ ಮಾಳದಲ್ಲಿ ಬೇಸಾಯದ ಮತ್ತು ಕಸುಬುಗಳ ಸಾಮಗ್ರಿಗಳು. ಈ ಹೆಸರನ್ನು ಆರಿಸಿದವರ ವಿವೇಕವನ್ನು ಮೆಚ್ಚಬೇಕು. ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ತಳವಾರ, ನೀರುಗಂಟಿ ಮೊದಲಾದ ಆಯಗಾರರಿಗೆ ಸಂಬಳವೆಂಬುದಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದು ಅವರು ಪಡೆಯುತ್ತಿದ್ದ ಕಾಳೇ ಆಯ. ಅಳೆದುಕೊಡುತ್ತಿದ್ದುದು ಮತ್ತೆ ಅದೇ ಬಳ್ಳ, ಅದೇ ಕೊಳಗ. ಈ ವ್ಯವಸ್ಥೆಯಲ್ಲಿ ಪರಸ್ಪರ ಆಶ್ರಯವಿದ್ದಂತೆ ಏರುತಗ್ಗುಗಳ ಕಾಠಿಣ್ಯವೂ ಇತ್ತೆಂಬುದನ್ನು ಮರೆತು ಹಾಡಿ ಹೊಗಳುವುದು ಸಲ್ಲದು. ಕಾಳು ಪಡೆಯಲು ಕಣದ ಹೊರಗೆ ನಿಂತವರೂ ಇದ್ದರು.

ವಸ್ತುಗಳಲ್ಲೆಲ್ಲ ಬೀಸುವ ಕಲ್ಲು ಅತ್ಯಂತ ಮೂಕವಾದುದು. ಒಂದರ ಮೇಲೊಂದು ಎರಡು ಕಲ್ಲು, ನಡುವೆ ಒಂದು ಗೂಟ, ಅಂಚಿನಲ್ಲಿ ಒಂದು ಹಿಡಿ. ಬೆಳಗಿನ ಜಾವದಲ್ಲಿ ಕೋಳಿ ಕೂಗುವ ಮುನ್ನ ಎದ್ದು, ಎಡಗೈಯಿಂದ ಕಣ್ಣಿಗೆ ರಾಗಿಯನ್ನೋ ಜೋಳವನ್ನೋ ಹಾಕುತ್ತ ಬಲಗೈಯಿಂದ ತಿರುಗಿಸಿದವರು ಎಷ್ಟು ತಲೆಮಾರುಗಳ ಹೆಂಗಸರು! ಕಲ್ಲು ಸವೆದು ನುಣುಪಾದಾಗ ಕುಟ್ಟಿಸಬೇಕಾಗಿತ್ತು. ಅದಕ್ಕಾಗಿ ಉಳಿ, ಸುತ್ತಿಗೆ ಹಿಡಿದು ಬೀದಿಯಲ್ಲಿ ಕೂಗುತ್ತ ಬರುವವರಿದ್ದರು. ಸಂಗ್ರಹಾಲಯದ ನೆಲದ ಮೇಲಿಟ್ಟಾಗ ಅದು ಬರಿಯ ಕಲ್ಲು. ಹಿಡಿಯ ಬಳಿ ಇಬ್ಬರು ಎದುರುಬದುರಾಗಿ ಹೇಗೆ ಕುಳಿತುಕೊಳ್ಳುತ್ತಿದ್ದರೆಂಬುದನ್ನು ಛಾಯಾಚಿತ್ರವು ಹೇಳಬೇಕು. ಆ ದಣಿವನ್ನು ಹಗುರಮಾಡಿದ ಪದವನ್ನು ಧ್ವನಿಮುದ್ರಿಕೆಯು ಹೇಳಬೇಕು. ತ್ರಿಪದಿಗಳ ಲಯಕ್ಕೂ ಕಲ್ಲಿನ ಸುತ್ತಿಗೂ ಇರುವ ನಂಟು ಕೇಳಿದವರಿಗೆ ಮಾತ್ರ ತಿಳಿಯುವುದು. ಹಿಟ್ಟಿನ ಗಿರಣಿಯು ಬಂದು ಆ ಹೆಂಗಸರ ತೋಳಿಗೆ ವಿಶ್ರಾಂತಿಯನ್ನು ಕೊಟ್ಟಿತು. ಅದನ್ನು ಬೇಡವೆನ್ನಲು ಯಾರಿಗೂ ಹಕ್ಕಿಲ್ಲ. ಆದರೆ ಹಾಡಿಗೆ ಹೊತ್ತು ಇಲ್ಲದಂತಾಯಿತು. ವಸ್ತು, ಪಟ, ಧ್ವನಿ ಈ ಮೂರನ್ನೂ ಒಂದೇ ಬೇಲಿಯೊಳಗೆ ತಂದುದೇ ನಾಗೇಗೌಡರ ದೊಡ್ಡ ಕೆಲಸ.

ಮೂರಕ್ಕೂ ಶತ್ರುಗಳುಂಟು. ಮರಕ್ಕೆ ಗೆದ್ದಲು, ಧ್ವನಿಸುರುಳಿಗೆ ತೇವ, ಧೂಳು, ಛಾಯಾಚಿತ್ರಕ್ಕೆ ಬೆಳಕು, ಶೀತ, ಮಳೆಗಾಲದ ಬೂಷ್ಟು. ಮನೆಗಳಲ್ಲಿ, ಮಠಗಳಲ್ಲಿ ಭಕ್ತಿಯೇ ಕೆಲವೊಮ್ಮೆ ಹಾನಿಗೆ ಕಾರಣವಾಗುವುದುಂಟು. ಹಿರಿಯರ ಪಟಕ್ಕೆ ನಿತ್ಯವೂ ಗಂಧ, ವಿಭೂತಿ, ಹೂವು. ಎದುರಿಗೆ ಧೂಪ, ದೀಪ. ನೀರಿನ ಪಸೆಯು ಚೌಕಟ್ಟಿನ ಸಂದಿಯಿಂದ ಇಳಿದು ಚಿತ್ರವು ಗಾಜಿಗೆ ಅಂಟಿಕೊಳ್ಳುವುದು. ಬಿಡಿಸಹೋದರೆ ಮುಖವೇ ಕಿತ್ತುಬರುವುದು. ಗಾಜಿಗೂ ಪಟಕ್ಕೂ ನಡುವೆ ದಪ್ಪ ಕಾಗದದ ಅಂಚನ್ನಿಟ್ಟು ಎಳೆಯಷ್ಟು ಎಡೆ ಬಿಟ್ಟರೆ ಈ ಅನಾಹುತವು ತಪ್ಪುವುದು. ಪೂಜೆಗೆ ಪ್ರತಿಯೊಂದನ್ನು ತೆಗೆಯಿಸಿ, ಮೂಲವನ್ನು ಕತ್ತಲೆಯ ಒಣಗಿದ ಪೆಟ್ಟಿಗೆಯಲ್ಲಿರಿಸುವುದು ಇನ್ನೂ ಲೇಸು.

ಇವೆಲ್ಲಕ್ಕಿಂತ ಮಿಗಿಲಾದ ನಷ್ಟವು ಹೆಸರಿನದು. ಅಟ್ಟದ ಪೆಟ್ಟಿಗೆಗಳಲ್ಲಿ ದೊರೆಯುವ ಹಳೆಯ ಪಟಗಳಲ್ಲಿ ಎಷ್ಟೋ ಮಂದಿಯ ಗುರುತು ಹತ್ತುವುದಿಲ್ಲ. ಕೂರಿಗೆಯು ದೊರೆತರೂ ಅದರ ಅಂಗಾಂಗಗಳನ್ನು ಆ ಊರಿನಲ್ಲಿ ಏನೆಂದು ಕರೆಯುತ್ತಿದ್ದರೆಂಬುದು ಹತ್ತುವುದಿಲ್ಲ. ಎಂಬತ್ತು ದಾಟಿದ ಅಜ್ಜ ಅಜ್ಜಿಯರಲ್ಲಿ ಹಲವರಿಗೆ ಇವು ಇನ್ನೂ ನಾಲಗೆಯ ತುದಿಯಲ್ಲಿವೆ. ಅವರ ಮುಂದೆ ಪಟವನ್ನಿಟ್ಟು ಕೇಳಬೇಕು. ಊರು, ವರ್ಷ, ನಿಂತವರ ಹೆಸರುಗಳನ್ನು ಎಡದಿಂದ ಬಲಕ್ಕೆ ಬರೆದುಕೊಳ್ಳಬೇಕು. ಪಟದ ಬೆನ್ನ ಮೇಲೆ ಬರೆಯುವುದಾದರೆ ಮಸಿಯು ಎದುರಿಗೆ ಊರುವುದರಿಂದ, ಮೆತ್ತನೆಯ ಸೀಸದಕಡ್ಡಿಯಿಂದ, ಅಂಚಿನಲ್ಲಿ, ಒತ್ತದೆ ಬರೆಯತಕ್ಕದ್ದು.