ನೆಲ ಅಳೆದ ಮೇಲೂ ನೀರು ಕೈಗೆ ಸಿಗಲಿಲ್ಲ: ಗಾಲ್ಫ್ ವಿಡಿಯೋ ಗೇಮಿನ ನಲವತ್ತು ವರ್ಷ

ಗಾಲ್ಫ್ ಅಂದ ಕೂಡಲೇ ‘ಅದು ದುಡ್ಡಿದ್ದವರ ಆಟ, ನಮಗ್ಯಾಕೆ’ ಅಂತ ನಮ್ಮ ಓದುಗರಲ್ಲಿ ಹಲವರು ಕೇಳಬಹುದು. ಸರಿಯಾದ ಪ್ರಶ್ನೆಯೇ. ಆದರೆ ಆಟದ ಸೋಲು ಗೆಲುವು ಇವತ್ತಿನ ವಿಷಯವಲ್ಲ. ಕಂಪ್ಯೂಟರಿನೊಳಗೆ ಗುಡ್ಡ, ಇಳಿಜಾರು, ಕೆರೆಗಳನ್ನು ನಿಜದ ಹಾಗೆ ಮೂಡಿಸುವ ಕೆಲಸ ಹೇಗೆ ಬೆಳೆಯಿತು ಅನ್ನುವುದನ್ನು ನಾವು ಇಲ್ಲಿ ಹೇಳುತ್ತೇವೆ. ಹೊಲಕ್ಕೆ ಬದು ಹಾಕಿಸಿದವರಿಗೆ, ಗದ್ದೆಗೆ ನೀರು ಹಾಯಿಸಿದವರಿಗೆ ಈ ಕಥೆ ಬೇಗ ಅರ್ಥವಾಗುತ್ತದೆ.

ಮೊದಲು ಆಟದ ಬಗ್ಗೆ ಎರಡು ಮಾತು. ಗಾಲ್ಫ್ ಚೆಂಡಿನ ಅಗಲ ಸುಮಾರು 43 ಮಿಲಿಮೀಟರ್. ಅದು ಬೀಳಬೇಕಾದ ಕುಳಿಯ ಅಗಲ 108 ಮಿಲಿಮೀಟರ್. ಕುಳಿಯ ಸುತ್ತ ಹುಲ್ಲನ್ನು ಚಾಪೆಯ ಹಾಗೆ ಕತ್ತರಿಸಿರುತ್ತಾರೆ, ಅದಕ್ಕೆ ಗ್ರೀನ್ ಅನ್ನುತ್ತಾರೆ. ಅಲ್ಲಿ ನೆಲ ಒಂದು ಬೆರಳಿನಷ್ಟು ವಾಲಿದರೂ ಚೆಂಡು ದಾರಿ ಬದಲಿಸುತ್ತದೆ. ಕ್ರಿಕೆಟ್ಟಿಗೆ ಮೈದಾನ ಸಮತಟ್ಟಾಗಿದ್ದರೆ ಸಾಕು. ಗಾಲ್ಫಿನಲ್ಲಿ ನೆಲದ ಏರಿಳಿತವೇ ಎದುರಾಳಿ. ಹಾಗಾಗಿ ಗೇಮ್ ಮಾಡುವವರು ನೆಲವನ್ನು ಬರೀ ಚಿತ್ರವಾಗಿ ಬಿಡುವಂತಿರಲಿಲ್ಲ.

ಬಾಣದ ಗುರುತು, ನೀಲಿ ಬಣ್ಣ

1984ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ‘ಗಾಲ್ಫ್’ ಎಂಬ ಗೇಮ್ ತಂದಿತು. ಅದರ ಪ್ರೋಗ್ರಾಂ ಬರೆದವರು ಸತೋರು ಇವಾಟ, ಮುಂದೆ ಅದೇ ಕಂಪನಿಯ ಅಧ್ಯಕ್ಷರಾದವರು. ಅದರಲ್ಲಿ ಮೈದಾನ ಮೇಲಿನಿಂದ ನೋಡಿದ ನಕ್ಷೆಯಂತೆ ಕಾಣುತ್ತಿತ್ತು. ಗ್ರೀನ್ ಎತ್ತ ವಾಲಿದೆ ಅನ್ನುವುದನ್ನು ಪುಟ್ಟ ಬಾಣಗಳು ತೋರಿಸುತ್ತಿದ್ದವು. ನೀರು ಅಂದರೆ ಒಂದು ಬಣ್ಣ, ಅಷ್ಟೆ.

1986ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಆ್ಯಕ್ಸೆಸ್ ಸಾಫ್ಟ್‌ವೇರ್ ಕಂಪನಿ ‘ಲೀಡರ್ ಬೋರ್ಡ್’ ಹೊರತಂದಿತು. ಇದರಲ್ಲಿ ಆಟಗಾರನ ಬೆನ್ನ ಹಿಂದೆ ನಿಂತು ಮೈದಾನ ನೋಡಬಹುದಿತ್ತು. ಆದರೆ ಅದು ಓಡುತ್ತಿದ್ದ ಕಮೊಡೋರ್ 64 ಯಂತ್ರದ ನೆನಪಿನ ಶಕ್ತಿ ಬರೀ 64 ಕಿಲೋಬೈಟ್. ಇವತ್ತು ವಾಟ್ಸಾಪಿನಲ್ಲಿ ಕಳಿಸುವ ಒಂದು ಫೋಟೋ ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದು. ಹಾಗಾಗಿ ನೀಲಿ ನೀರಿನ ನಡುವೆ ಹಸಿರು ದ್ವೀಪಗಳನ್ನು ಇಟ್ಟು ಬಿಟ್ಟರು. ಮರವಿಲ್ಲ, ಮರಳುಗುಂಡಿಯಿಲ್ಲ. ಖಾಲಿ ಜಾಗ ತುಂಬಲು ಎಲ್ಲಕ್ಕಿಂತ ಅಗ್ಗದ ವಸ್ತು ನೀರೇ ಆಗಿತ್ತು.

ಲೆಕ್ಕದಿಂದ ಎದ್ದ ಗುಡ್ಡ

ಗುಡ್ಡವನ್ನು ಲೆಕ್ಕದಿಂದ ಎಬ್ಬಿಸುವ ವಿದ್ಯೆ ಅಷ್ಟರಲ್ಲಾಗಲೇ ಹುಟ್ಟಿತ್ತು. ಬೆಟ್ಟದ ಒಂದು ಚೂರು ಕಲ್ಲು ಇಡೀ ಬೆಟ್ಟದ ಹಾಗೇ ಒರಟಾಗಿರುತ್ತದೆ ಎಂಬ ವಿಚಾರವನ್ನು ಗಣಿತಜ್ಞ ಮ್ಯಾಂಡೆಲ್‌ಬ್ರಾಟ್ ಲೆಕ್ಕಕ್ಕೆ ತಂದಿದ್ದರು. ಅದನ್ನು ಹಿಡಿದು 1980ರಲ್ಲಿ ಲೋರೆನ್ ಕಾರ್ಪೆಂಟರ್ ಬೆಟ್ಟಗಳ ಮೇಲೆ ಹಾರುವ ಎರಡು ನಿಮಿಷದ ಕಂಪ್ಯೂಟರ್ ಚಿತ್ರ ಮಾಡಿದರು. ಉಪಾಯ ಸರಳ. ಒಂದು ತ್ರಿಕೋನ ತಗೊಳ್ಳಿ. ಪ್ರತಿ ಬದಿಯ ನಡುವನ್ನು ತುಸು ಮೇಲೆತ್ತಿ ಇಲ್ಲವೇ ಕೆಳಗಿಳಿಸಿ. ಸಣ್ಣ ತ್ರಿಕೋನಗಳು ಸಿಗುತ್ತವೆ. ಅವಕ್ಕೂ ಹಾಗೇ ಮಾಡುತ್ತಾ ಹೋದರೆ ಬೆಟ್ಟ ಏಳುತ್ತದೆ. 1985ರಲ್ಲಿ ಕೆನ್ ಪರ್ಲಿನ್ ಪ್ರಕಟಿಸಿದ ‘ನಾಯ್ಸ್’ ವಿಧಾನವೂ ಮೋಡ, ಕಲ್ಲು, ನೆಲಗಳಿಗೆ ಸಹಜವಾದ ಏರಿಳಿತ ಕೊಟ್ಟಿತು.

ಇವುಗಳಲ್ಲಿ ಒಂದು ಕೊರತೆ ಇತ್ತು. ನಿಜವಾದ ನೆಲವನ್ನು ಕೊರೆದಿರುವುದು ಮಳೆ. ಮೇಲಿನ ನೀರು ಹಳ್ಳಕ್ಕೆ, ಹಳ್ಳ ಹೊಳೆಗೆ ಸೇರುತ್ತದೆ. ಲೆಕ್ಕದ ಗುಡ್ಡದಲ್ಲಿ ಎಲ್ಲೆಂದರಲ್ಲಿ ಗುಂಡಿಗಳು, ನೀರು ಹೊರಗೆ ಹೋಗಲು ದಾರಿಯೇ ಇಲ್ಲ. ಇದನ್ನು ಕಂಡುಕೊಂಡ ಮಸ್‌ಗ್ರೇವ್, ಕೋಲ್ಬ್, ಮೇಸ್ ಎಂಬ ಮೂವರು 1989ರಲ್ಲಿ ಕಂಪ್ಯೂಟರಿನ ಗುಡ್ಡದ ಮೇಲೆ ಲೆಕ್ಕದ ಮಳೆ ಸುರಿಸಿ, ಮಣ್ಣು ಕೊಚ್ಚಿಹೋಗುವುದನ್ನೂ ಲೆಕ್ಕಕ್ಕೆ ಸೇರಿಸಿದರು.

ಗಾಲ್ಫ್ ಗೇಮಿನಲ್ಲಿ ದೊಡ್ಡ ಹೆಜ್ಜೆ 1990ರದು. ಆ್ಯಕ್ಸೆಸ್ ಕಂಪನಿಯವರೇ ತಂದ ‘ಲಿಂಕ್ಸ್’ನಲ್ಲಿ ನೆಲಕ್ಕೆ ಏರಿಳಿತ ಬಂತು, ಮರಗಳಿಗೆ ಫೋಟೋ ಬಂತು. ಒಂದು ಹೊಡೆತ ಮುಗಿದ ಮೇಲೆ ಮುಂದಿನ ನೋಟ ಪರದೆಯಲ್ಲಿ ಮೂಡುವವರೆಗೂ ಆಟಗಾರ ಕೈಕಟ್ಟಿ ಕೂರಬೇಕಿತ್ತು. ಜನ ಕೂತರು.

ನೀರಿನ ಗುಟ್ಟು

ನೀರು ನಿಜದ ಹಾಗೆ ಕಾಣಬೇಕಾದರೆ ನೀಲಿ ಬಣ್ಣ ಸಾಲದು. ಕೆರೆ ಏರಿಯ ಮೇಲೆ ನಿಂತು ನೋಡಿ. ದೂರದ ನೀರಿನಲ್ಲಿ ಆಕಾಶ ಕಾಣುತ್ತದೆ, ಕಾಲ ಬುಡದ ನೀರಿನಲ್ಲಿ ತಳದ ಕಲ್ಲು ಕಾಣುತ್ತದೆ. ನೇರ ಮೇಲಿನಿಂದ ಬಿದ್ದ ಬೆಳಕಿನಲ್ಲಿ ನೀರು ಹಿಂದಕ್ಕೆ ಕಳಿಸುವುದು ಶೇ. 2ರಷ್ಟು ಮಾತ್ರ. ಓರೆಯಾದಷ್ಟೂ ಅದು ಕನ್ನಡಿಯಾಗುತ್ತದೆ. ಫ್ರಾನ್ಸಿನ ಫ್ರೆನೆಲ್ 19ನೇ ಶತಮಾನದಲ್ಲೇ ಬರೆದ ಈ ಸೂತ್ರವನ್ನು ಗೇಮ್‌ಗಳು ಇವತ್ತು ಪರದೆಯ ಚುಕ್ಕೆ ಚುಕ್ಕೆಗೂ ಹಾಕುತ್ತವೆ. ಸಣ್ಣ ಅಲೆಗಳಿಗೆ 1978ರ ಜಿಮ್ ಬ್ಲಿನ್ ಅವರ ಉಪಾಯವಿದೆ: ಮೇಲ್ಮೈ ಚಪ್ಪಟೆಯಾಗಿಯೇ ಇರುತ್ತದೆ, ಬೆಳಕಿನ ಲೆಕ್ಕದಲ್ಲಿ ಮಾತ್ರ ಅದು ಸುಕ್ಕುಗಟ್ಟಿದಂತೆ ನಟಿಸುತ್ತದೆ.

ಇದಕ್ಕಿಂತ ಕಷ್ಟದ ಪ್ರಶ್ನೆ ನೀರನ್ನು ಎಲ್ಲಿ ಇಡಬೇಕು ಅನ್ನುವುದು. ಹಲವು ಗೇಮ್‌ಗಳಲ್ಲಿ ಕೆರೆಯ ನೀರು ಹರಿಯುವುದಿಲ್ಲ. ಒಂದು ಎತ್ತರದಲ್ಲಿ ಹಾಸಿದ ಹಾಳೆ ಅದು. ದಿಬ್ಬದ ನೆತ್ತಿಯಲ್ಲಿ ಹಾಸಿದರೂ ಕಂಪ್ಯೂಟರ್ ತಕರಾರು ಮಾಡುವುದಿಲ್ಲ. ನೋಡುವವನ ಕಣ್ಣು ಮಾತ್ರ ಮೋಸ ಹಿಡಿಯುತ್ತದೆ.

ನಿಜವಾದ ಮೈದಾನ ಕಟ್ಟುವವರಿಗೆ ಈ ಲೆಕ್ಕ ಗೊತ್ತು. ಫ್ಲಾರಿಡಾದ ಸಾಗ್ರಾಸ್‌ನಲ್ಲಿ 1980ರಲ್ಲಿ ತೆರೆದ ಮೈದಾನವನ್ನು ಪೀಟ್ ಡೈ ಕಟ್ಟಿದ್ದು ಜೌಗು ನೆಲದಲ್ಲಿ. 17ನೇ ಕುಳಿಯ ಸುತ್ತ ಒಳ್ಳೆಯ ಮರಳು ಸಿಕ್ಕಿತು. ತೋಡಿ ತೋಡಿ ಬೇರೆ ಕಡೆ ಹಾಕಿದರು. ಕೊನೆಗೆ ಉಳಿದದ್ದು ದೊಡ್ಡ ಹೊಂಡ. ಗ್ರೀನನ್ನು ನೀರಿನ ನಡುವೆ ದ್ವೀಪವಾಗಿ ಬಿಡಿ ಎಂದು ಅವರ ಹೆಂಡತಿ ಆಲಿಸ್ ಡೈ ಸೂಚಿಸಿದರು. ಇವತ್ತು ಅದು ಜಗತ್ಪ್ರಸಿದ್ಧ. ಮಣ್ಣು ತೆಗೆದಲ್ಲಿ ನೀರು, ಮಣ್ಣು ಹಾಕಿದಲ್ಲಿ ದಿಬ್ಬ: ನಮ್ಮ ಕೆರೆ ಮತ್ತು ಕೆರೆ ಏರಿಯದೂ ಇದೇ ಲೆಕ್ಕ.

ಅಳತೆಗೆ ಸಿಕ್ಕ ನೆಲ

ಜಾರ್ಜಿಯಾದ ಆಗಸ್ಟಾ ನ್ಯಾಷನಲ್ ಮೈದಾನದ ಏರಿಳಿತ ನೂರು ಅಡಿಗೂ ಹೆಚ್ಚು, ಆದರೆ ಟಿವಿಯಲ್ಲಿ ಅದು ತಿಳಿಯುವುದೇ ಇಲ್ಲ. ಅಲ್ಲಿನ ತಗ್ಗಿನಲ್ಲಿ ರೇಸ್ ಕ್ರೀಕ್ ಎಂಬ ಹಳ್ಳವಿದೆ. ಗ್ರೀನಿನಲ್ಲಿ ಅನುಮಾನ ಬಂದರೆ ಚೆಂಡು ಆ ಹಳ್ಳದ ಕಡೆಗೇ ವಾಲುತ್ತದೆ ಎಂದುಕೋ, ಎಂಬುದು ಆಟಗಾರರ ನಡುವಿನ ಮಾತು. ಇಎ ಸ್ಪೋರ್ಟ್ಸ್ ಕಂಪನಿ 2011ರಲ್ಲಿ ಹೊರತಂದ ತನ್ನ ‘ಟೈಗರ್ ವುಡ್ಸ್ ಪಿಜಿಎ ಟೂರ್ 12’ ಗೇಮಿಗಾಗಿ ಈ ಮೈದಾನವನ್ನು ಲೇಸರಿನಿಂದ ಅಳೆದಿತ್ತು. ಊಹೆಯ ಜಾಗಕ್ಕೆ ಅಳತೆ ಬಂತು.

ಮುಂದಿನ ಬದಲಾವಣೆ ಮನೆಯಲ್ಲಿ ಕೂತ ಹವ್ಯಾಸಿಗಳದು. ಕೆನಡಾದ ಎಚ್‌ಬಿ ಸ್ಟುಡಿಯೋಸ್ 2014ರಲ್ಲಿ ತಂದ ‘ದ ಗಾಲ್ಫ್ ಕ್ಲಬ್’ ಗೇಮಿನಲ್ಲಿ ಆಡುವವರೇ ಮೈದಾನ ಕಟ್ಟಬಹುದಿತ್ತು. ಅಮೆರಿಕದ ಭೂಗರ್ಭ ಸರ್ವೆ ಇಲಾಖೆ ವಿಮಾನದಿಂದ ಲೇಸರ್ ಬಿಟ್ಟು ಅಳೆದ ನೆಲದ ಎತ್ತರವನ್ನು ಎಲ್ಲರಿಗೂ ಉಚಿತವಾಗಿ ಕೊಡುತ್ತದೆ. ಅದಕ್ಕೆ ಲೈಡಾರ್ ಅನ್ನುತ್ತಾರೆ. ಅದರಿಂದ ಮೀಟರಿಗೊಂದು ಎತ್ತರದ ಅಂಕಿ ಸಿಗುತ್ತದೆ. ಹವ್ಯಾಸಿಗಳು ಅದನ್ನು ಇಳಿಸಿಕೊಂಡು ತಮ್ಮೂರ ಮೈದಾನವನ್ನು ಗೇಮಿನೊಳಗೆ ಎಬ್ಬಿಸಿದರು.

ಆದರೂ ನೀರು ಕೈಗೆ ಸಿಗಲಿಲ್ಲ. ನೆಲ ಅಳೆಯುವ ಸಾಮಾನ್ಯ ಲೇಸರನ್ನು ನೀರು ನುಂಗಿಬಿಡುತ್ತದೆ. ದತ್ತಾಂಶದಲ್ಲಿ ಕೆರೆ ಬರೀ ಚಪ್ಪಟೆ ಹಾಳೆ, ತಳದ ಸುದ್ದಿಯೇ ಇಲ್ಲ. ಕೆರೆಯ ಅಂಗಳವನ್ನು, ದಡದ ಇಳುಕಲನ್ನು ಕೊನೆಗೂ ಮನುಷ್ಯನೇ ತಿದ್ದಬೇಕು.

9 ಗುಂಟೆಗೆ ಒಂದೇ ಅಂಕಿ

ನಮ್ಮ ಹಳ್ಳಿಗೆ ಇದರಿಂದ ಏನು? ಇಸ್ರೋದ ಭುವನ್ ಜಾಲತಾಣದಲ್ಲಿ ಕಾರ್ಟೋಸ್ಯಾಟ್-1 ಉಪಗ್ರಹದ ಚಿತ್ರಗಳಿಂದ ಮಾಡಿದ ಎತ್ತರದ ನಕ್ಷೆ ಉಚಿತವಾಗಿ ಸಿಗುತ್ತದೆ. ಅದರಲ್ಲಿ 30 ಮೀಟರಿಗೆ ಒಂದು ಅಂಕಿ. ಅಂದರೆ 900 ಚದರ ಮೀಟರಿಗೆ, ಸುಮಾರು 9 ಗುಂಟೆಗೆ, ಒಂದೇ ಎತ್ತರ. ದೊಡ್ಡ ಗುಡ್ಡ, ಕಣಿವೆ ನೋಡಲು ಅದು ಸಾಕು. ಬದು, ಕೃಷಿ ಹೊಂಡ, ರಾಜಕಾಲುವೆಗಳು ಅದರಲ್ಲಿ ಕಾಣೆಯಾಗುತ್ತವೆ. ಅಲ್ಲಿ ಚೆಂಡು ಕುಳಿಗೆ ಬೀಳಲು ಬೇಕಾದ ಅಳತೆಯೇ ಇಲ್ಲಿ ಮಳೆನೀರು ಹೊಂಡ ಸೇರಲು ಬೇಕು.

2022ರ ಡಿಸೆಂಬರಿನಲ್ಲಿ ಬಂದ ರಾಷ್ಟ್ರೀಯ ಜಿಯೋಸ್ಪೇಷಿಯಲ್ ನೀತಿ 2030ರೊಳಗೆ ದೇಶದ ನೆಲದ ಎತ್ತರವನ್ನು ಬಯಲಿನಲ್ಲಿ 25 ಸೆಂಟಿಮೀಟರ್, ಗುಡ್ಡಗಾಡಿನಲ್ಲಿ 1ರಿಂದ 3 ಮೀಟರ್ ಮಟ್ಟಕ್ಕೆ ಅಳೆಯುವ ಗುರಿ ಇಟ್ಟಿದೆ. ಆ ಅಂಕಿಗಳು ಪಂಚಾಯಿತಿಯವರ, ಓದುವ ಹುಡುಗ ಹುಡುಗಿಯರ ಕೈಗೂ ಸಲೀಸಾಗಿ ಸಿಗಬೇಕು ಎಂಬುದು ನಮ್ಮ ಒತ್ತಾಯ. ಯಾವ ಕಾಲುವೆ ಮುಚ್ಚಿದರೆ ಯಾರ ಹೊಲಕ್ಕೆ ನೀರು ನುಗ್ಗುತ್ತದೆ ಅನ್ನುವುದನ್ನು ಆಗ ಊರಿನವರೇ ಲೆಕ್ಕ ಹಾಕಿ ತೋರಿಸಬಹುದು. ಕೆರೆಯ ತಳ ಎಷ್ಟು ಆಳ, ಹೂಳು ಎಲ್ಲಿ ತುಂಬಿದೆ ಅನ್ನುವುದನ್ನು ಮಾತ್ರ ಊರ ಹಿರಿಯರನ್ನೇ ಕೇಳಿ ಬರೆದಿಟ್ಟುಕೊಳ್ಳಿ. ಅದು ವಿಮಾನಕ್ಕೆ ಕಾಣುವುದಿಲ್ಲ.